ಡ್ಯಾಶ್‌ಬೋರ್ಡಿನೊಳಗಿನ ಕಿವಿ

ಎಂಜಿನ್ ನಿಂತಾಗ ಸದ್ದೇ ಆಗಲಿಲ್ಲ. ಈಗಲೂ ಮತ್ತೆ ಮತ್ತೆ ಕಾಡುವುದು ಆ ನಿಶ್ಶಬ್ದವೇ.

ಹುಣಸೂರಿನಿಂದ ಕೆ.ಆರ್. ನಗರಕ್ಕೆ, ಹೆಂಡತಿಯ ತವರಿಗೆ ಹೊರಟಿದ್ದೆವು. ಬೆಳಿಗ್ಗೆ ಹನ್ನೊಂದರ ಬಿಸಿಲು. ದಾರಿಯಲ್ಲಿ ಅವಳು, "ಎರಡು ತಿಂಗಳಂತೆ ರೀ, ನಿನ್ನೆ ಡಾಕ್ಟರು ಹೇಳಿದ್ರು. ಅಮ್ಮಂಗೂ ಇನ್ನೂ ಹೇಳಿಲ್ಲ" ಎಂದಳು. ನಗುತ್ತ, ಮಗುವಿಗೆ ಹೆಸರು ಹುಡುಕುತ್ತ ಒಂದೆರಡು ಮೈಲಿ ಬಂದೆವು. ಚುಂಚನಕಟ್ಟೆ ಹತ್ತಿರ ನಾಲೆಯ ಏರಿಯ ತಿರುವಿನಲ್ಲಿ ಸ್ಟೀರಿಂಗ್ ಕಲ್ಲಾಯಿತು. ಮೊದಲ ಸಲ ಹಿಡಿದ ಬ್ರೇಕು ಎರಡನೇ ಸಲಕ್ಕೆ ಗೋಡೆಯಂತಾಯಿತು. ಎರಡೂ ಕಾಲು ಹಾಕಿ ಒತ್ತಿದೆ. ಕಾರು ನಿಂತಾಗ ಅವಳ ಕಿಟಕಿಯಲ್ಲಿ ನಾಲೆಯ ನೀರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ನನ್ನ ಬಾಗಿಲಿನಿಂದ ಅವಳನ್ನು ಹೊರಗೆಳೆದುಕೊಂಡೆ. ಕೀ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಹತ್ತು ನಿಮಿಷದ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ ಒಂದೇ ಸಲಕ್ಕೆ ಹೊರಟಿತು. ಯಾರೋ ಹಿಡಿದಿದ್ದ ಕೈಯನ್ನು ಬಿಟ್ಟ ಹಾಗೆ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್; ಹೊಟ್ಟೆಪಾಡಿನ ಕೆಲಸ ಬೇರೆ, ಹುಚ್ಚು ಮಾತ್ರ ಅದರದೇ. ಲ್ಯಾಪ್‌ಟಾಪ್ ಹಿಡಿದ ಕಳ್ಳರು ದೂರದಿಂದ ಕಾರಿನ ಬೀಗ ತೆಗೆಯುವ ವಿಡಿಯೋಗಳನ್ನು ನೋಡಿ, ಕಳ್ಳತನಕ್ಕೆ ತಡೆಯಿರಲಿ ಎಂದು ಡ್ಯಾಶ್‌ಬೋರ್ಡಿನ ಹಿಂದೆ ಒಂದು ಟ್ರ್ಯಾಕರ್ ಡಬ್ಬಿ ಕೂರಿಸಿದ್ದೆ. ಒಳಗೊಂದು ಸಿಮ್ ಇರುತ್ತದೆ. ಯಾವ ಫೋನಿನಿಂದಲಾದರೂ ಪಾಸ್‌ವರ್ಡ್ ಸೇರಿಸಿ ಮೆಸೇಜ್ ಕಳಿಸಿದರೆ ಡಬ್ಬಿ ಎಂಜಿನ್ನಿಗೆ ಇಂಧನ ಹೋಗದಂತೆ ತಡೆಯುತ್ತದೆ. ಫೋನ್ ಮಾಡಿದರೆ ಸದ್ದಿಲ್ಲದೆ ಎತ್ತಿಕೊಂಡು ಕಾರಿನೊಳಗಿನ ಮಾತು ಕೇಳಿಸುತ್ತದೆ. ಪರಿಚಯದವರು ಕೇಳಿದರೆಂದು ಪಿರಿಯಾಪಟ್ಟಣ, ಸರಗೂರು, ಹಂಪಾಪುರದ ಕಡೆ ಇನ್ನೂ ಎಂಟು ಗಾಡಿಗಳಿಗೆ ಹಾಕಿಕೊಟ್ಟಿದ್ದೆ. ಸಿಮ್‌ಗಳನ್ನು ಒಟ್ಟಿಗೇ ಕೊಂಡದ್ದರಿಂದ ನಂಬರುಗಳೆಲ್ಲ ಒಂದರ ಹಿಂದೊಂದು. ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟರೆ ಮರೆತು ನನ್ನನ್ನೇ ಕರೆಯುತ್ತಿದ್ದರು. ಕೊನೆಗೆ ನನ್ನ ಕಾರೂ ಸೇರಿ ಎಲ್ಲಕ್ಕೂ ಒಂದೇ ಇಟ್ಟೆ, ಒಂದರಿಂದ ಆರರವರೆಗೆ.

ಮಾವನ ಮನೆಯ ಅಂಗಳದಲ್ಲೇ ಡಬ್ಬಿ ಬಿಚ್ಚಿ, ಸಿಮ್ಮನ್ನು ಫೋನಿಗೆ ಹಾಕಿದೆ. ಒಂದೇ ನಂಬರಿನಿಂದ ಎರಡು ಮೆಸೇಜ್. ಒಂದು ನಿಲ್ಲಿಸಲು, ಇನ್ನೊಂದು ಬಿಡಲು. ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಹಂಪಾಪುರದ ಯಜಮಾನರು. ಅವರ ಟ್ರ್ಯಾಕ್ಟರಿಗೆ ಡಬ್ಬಿ ಹಾಕಿದವನು ನಾನೇ. ನನ್ನ ಕಾರು ನಿಂತದ್ದನ್ನು ಹೇಳಿದೆ.

"ಅಯ್ಯೋ, ಅದು ನಿಮ್ ಗಾಡಿನಾ ಸಾ? ಕೊನೆ ನಂಬ್ರು ತಪ್ಪಿ ಒತ್ಬುಟ್ಟೆ ಕಣ್ರೀ! ಕಿವಿ ಕೊಟ್ರೆ ಒಳ್ಗೆ ಎಂಗ್ಸು ಮಾತಾಡ್ತಾ ಅದೆ. ನನ್ ಡ್ರೈವ್ರು ಯಾರ್ನೋ ಕೂರಿಸ್ಕಂಡು ಮೆರವಣಿಗೆ ಒಂಟವ್ನೆ ಅಂದ್ಕಂಡೆ. ಎರ್ಡು ತಿಂಗ್ಳು ಅಂದಾಗಂತೂ ಎದೆ ಧಸಕ್ ಅಂತು! ಸಿಟ್ ಬಂದು ನಿಲ್ಲಿಸ್ಬುಟ್ಟೆ. ನೋಡುದ್ರೆ ನನ್ ಟ್ಯಾಕ್ಟ್ರು ಓಡ್ಕಂಡೇ ಎದುರ್ಗೆ ಬಂತು. ನಿಮ್ ಡಬ್ಬಿ ಕೆಟ್ಟೋಯ್ತು ಅಂತ ಬೈಕಂಡು ಬುಡೋ ಮೆಸೇಜೂ ಕಳ್ಸ್ಬುಟ್ಟೆ."

ಅವರು ದನಿ ತಗ್ಗಿಸಿದರು.

"ಒಳ್ಳೇದಾಗ್ಲಿ ಸಾ. ನಾನ್ ಯಾರ್ಗೂ ಏಳಕಿಲ್ಲ ಬುಡಿ."

ಅಷ್ಟು ಪ್ರೀತಿಯಿಂದ ಹೇಳಿದ್ದಕ್ಕೇ ಮೈ ಜುಮ್ಮೆಂದಿತು. ನನ್ನ ಅತ್ತೆಗಿಂತ ಮೊದಲು ಆ ಸುದ್ದಿ ಅವರಿಗೆ ಗೊತ್ತಾಗಿತ್ತು.

ಆಮೇಲೆ ಒಂದೊಂದೇ ಗಾಡಿ ಹುಡುಕಿಕೊಂಡು ಹೋಗಿ ಪಾಸ್‌ವರ್ಡ್ ಬದಲಿಸಿದೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ಮಾತ್ರ, "ಇದೊಂದೇ ಕಣ್ರೀ ಬಾಯ್ಗೆ ಬರೋದು, ಅಂಗೇ ಇರ್ಲಿ ಬುಡಿ" ಎಂದು ಜೀಪಿನ ಬಾಗಿಲು ಹಾಕಿಕೊಂಡು ಹೊರಟೇಬಿಟ್ಟರು. ನಾನು ಹೆದರುತ್ತಿದ್ದದ್ದು ಬುದ್ಧಿವಂತ ಕಳ್ಳರಿಗೆ. ಬಾಗಿಲನ್ನು ತೆರೆದಿಟ್ಟದ್ದು ಮಾತ್ರ ನನ್ನದೇ ಸೋಮಾರಿತನ. ಈಗ ಬೀಗವಾಗಲಿ, ಕ್ಯಾಮೆರಾವಾಗಲಿ, ಹೊಸದೇನು ಕೈಗೆ ಬಂದರೂ ಅದು ಏನು ಮಾಡುತ್ತದೆ ಎಂದು ಮೊದಲು ನೋಡುವುದಿಲ್ಲ. ಯಾರು ಹೇಳಿದರೆ ಮಾಡುತ್ತದೆ ಎಂದು ನೋಡುತ್ತೇನೆ.

ನಮ್ಮ ಕಾರಿನಲ್ಲಿ ಈಗ ಡಬ್ಬಿಯಿಲ್ಲ. ಆದರೂ ಹೆಂಡತಿ ಕಾರಿನೊಳಗೆ ಮಾತಾಡುವುದಿಲ್ಲ. ಮೊನ್ನೆ ಆಸ್ಪತ್ರೆಯ ಮುಂದೆ ಇಳಿದು, ಬಾಗಿಲು ಹಾಕಿ, ನಾಲ್ಕು ಹೆಜ್ಜೆ ದೂರ ಬಂದ ಮೇಲೆ ಕೇಳಿದಳು.

"ನಾನೊಬ್ಬಳೇ ಕಾರ್ ತಗೊಂಡು ಹೋದಾಗ ನೀವು ಯಾವತ್ತಾದ್ರೂ ಆ ಡಬ್ಬಿ ನಂಬರಿಗೆ ಫೋನ್ ಮಾಡಿದ್ರಾ?"

"ಟೆಸ್ಟ್ ಮಾಡೋಕೆ ಕಣೇ. ಡಬ್ಬಿ ಹಾಕಿದ ಹೊಸದ್ರಲ್ಲಿ."

"ಒಂದೇ ಸಲಾನಾ?"

ಅವಳು ನನ್ನ ಮುಖ ನೋಡುತ್ತ ನಿಂತಳು. ನಾನು ಅವಳ ಹಿಂದೆ ನಿಂತಿದ್ದ ಕಾರಿನ ಕಡೆ ನೋಡಿದೆ.