ಅಕ್ಕನ ಸೈಕಲ್ಲಿಗೆ ಬಣ್ಣ ಹೊಡೆಸಿದ್ದು

ಅಕ್ಕನ ಕಿಡ್ನಿಗಳು ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ಅವಳನ್ನು ಕುರುಗೋಡಿನಿಂದ ಬಳ್ಳಾರಿಗೆ ಡಯಾಲಿಸಿಸ್‌ಗೆ ಕರೆದೊಯ್ಯುವುದು ನನ್ನ ಕೆಲಸವಾಯಿತು. ನನ್ನದೊಂದು ಕಿಡ್ನಿ ತೆಗೆದುಕೊಳ್ಳಿ ಎಂದು ಡಾಕ್ಟರಿಗೆ ಹೇಳಿದೆ. ಅವಳ ಹೃದಯ ಆಪರೇಷನ್ ತಡೆಯುವುದಿಲ್ಲ ಎಂದರು. ಅಲ್ಲಿಗೆ ಮುಗಿಯಿತು. ಅವಳು ಒಳಗೆ ಯಂತ್ರದ ಪಕ್ಕ ಮಲಗಿರುತ್ತಿದ್ದಳು, ನಾನು ಹೊರಗೆ ಬೆಂಚಿನ ಮೇಲೆ ಕೂತು ಸಿಕ್ಕಸಿಕ್ಕ ನರ್ಸುಗಳ ಮೇಲೆ ಸಿಡುಕುತ್ತಿದ್ದೆ. ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ಹಾಗೆ.

ಒಂದು ದಿನ ವಾಪಸು ಬರುವಾಗ ಅವಳೇ ಅಂದಳು, "ಲೇ ತಮ್ಮಾ, ಹಿತ್ತಲ ಕೋಣ್ಯಾಗ ನನ್ನ ಸೈಕಲ್ ಐತಲ್ಲ, ಅದನ್ನ ರಿಪೇರಿ ಮಾಡಿಸು. ಬಣ್ಣ ಮಾತ್ರ ಅದ ನವಿಲು ನೀಲಿನ ಇರ್ಬೇಕು ನೋಡು."

ಅದು ಉಕ್ಕಿನ ಹಳೇ ರೇಸ್ ಸೈಕಲ್, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲಿನದು. ಕಾಲೇಜಿನಲ್ಲಿದ್ದಾಗ ಅಕ್ಕ ಅದರ ಮೇಲೆ ಸಿರುಗುಪ್ಪದವರೆಗೂ ಹೋಗಿ ಬರುತ್ತಿದ್ದಳು. ಈಗ ರಿಪೇರಿ ಅಂದಳೆಂದರೆ ಮತ್ತೆ ತುಳಿಯುವ ಆಸೆ ಬಂದಿದೆ ಎಂದುಕೊಂಡೆ. ಆಸೆ ಇದ್ದವರು ಬದುಕುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಸ್ಪತ್ರೆ ಹತ್ತಿರದ ಸೈಕಲ್ ಅಂಗಡಿಯ ಸಾಹೇಬರಿಗೆ ಅದನ್ನು ಒಪ್ಪಿಸಿದೆ. ಡಯಾಲಿಸಿಸ್ ದಿನಗಳಲ್ಲಿ ಅಕ್ಕ ಆಸ್ಪತ್ರೆಯಲ್ಲಿ, ನಾನು ಅಂಗಡಿಯಲ್ಲಿ ಸಾಹೇಬರಿಗೆ ಕೈಜೋಡಿಸುತ್ತ. ಹಳೇ ಬಣ್ಣ ಉಜ್ಜಿ ತೆಗೆದೆ, ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಸವೆದ ಚೈನು ಹೋಗಿ ಹೊಸದು ಬಂತು, ಗಾಲಿಗಳ ತುಕ್ಕು ಹಿಡಿದ ಕಡ್ಡಿಗಳು ಹೋಗಿ ಹೊಸವು ಬಂದವು. ಸೈಕಲ್ಲಿನಲ್ಲಿ ಹಾಳಾದದ್ದಕ್ಕೆಲ್ಲ ಬದಲಿ ಸಿಗುತ್ತಿತ್ತು. ಅದನ್ನು ಕಂಡರೇ ನನಗೆ ಸಿಟ್ಟು ಬರುತ್ತಿತ್ತು. ಬಣ್ಣ ಹೊಡೆದ ದಿನ ಗಾಳಿ ಎದ್ದು ರಸ್ತೆಯ ಧೂಳೆಲ್ಲ ಹಸಿ ಬಣ್ಣದ ಮೇಲೆ ಕೂತಿತು. ಸಾಹೇಬರ ಮೇಲೆ ಹರಿಹಾಯ್ದೆ.

"ಬಳ್ಳಾರ್ಯಾಗ ಧೂಳು ಬ್ಯಾಡಂದ್ರ ಹೆಂಗ್ರಿ? ಮತ್ತ ಉಜ್ಜಿ ಹೊಡೀತೀನಿ, ತಡೀರಿ," ಅಂದರು ಅವರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಅವರಿಗೂ ತಿಳಿದಿರಬೇಕು.

ಸೈಕಲ್ ಮನೆಗೆ ಬಂದದ್ದು ಅಮಾವಾಸ್ಯೆಯ ದಿನ. ನಮ್ಮ ಕಡೆ ಗಾಡಿಗಳಿಗೆ ಅಮಾವಾಸ್ಯೆಗೇ ಪೂಜೆ. ಅಕ್ಕ ಕುರ್ಚಿಯಲ್ಲಿ ಕೂತೇ ಹ್ಯಾಂಡಲ್ಲಿಗೆ ವಿಭೂತಿ ಬಳಿದು, ಎರಡೂ ಗಾಲಿಗಳ ಮುಂದೆ ನಿಂಬೆಹಣ್ಣು ಇಡಿಸಿದಳು. ಯಾರ ಗಾಡಿಯೋ ಅವರೇ ಹತ್ತಿ ಗಾಲಿಯಿಂದ ನಿಂಬೆಹಣ್ಣು ತುಳಿಸಬೇಕು. ನಾನು ಬಿಗಿಯಾಗಿ ಹಿಡಿದುಕೊಂಡರೆ ಅಕ್ಕ ಅಷ್ಟು ದೂರವಾದರೂ ಉರುಳಿಸಿಯಾಳು ಎಂದುಕೊಂಡೆ. ಆಗ ನೋಡುತ್ತೇನೆ, ಸೀಟನ್ನು ತೀರಾ ಮೇಲಕ್ಕೆ ಏರಿಸಿದ್ದಾರೆ. ಕುಳ್ಳಿ ನಮ್ಮಕ್ಕ, ಅದನ್ನು ಹತ್ತಲು ಏಣಿ ಬೇಕಿತ್ತು. ಅಲ್ಲೇ ಸಾಹೇಬರಿಗೆ ಫೋನ್ ಹಚ್ಚಿ ಬೈಯತೊಡಗಿದೆ.

"ನಂದೇನ್ ತಪ್ಪಿಲ್ರಿ. ಅಕ್ಕಾರ ಫೋನ್ ಮಾಡಿದ್ರು. ನಮ್ಮ ತಮ್ಮ ಉದ್ದ ಅದಾನ, ಅವನ ಅಳತಿಗೆ ಏರಿಸ್ರಿ ಅಂದ್ರು," ಎಂದರು ಸಾಹೇಬರು.

ಫೋನ್ ಇಟ್ಟೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಯಕ್ಕಾ, ಸೀಟ್ ಇಳಸ್ತೀನಿ, ನೀ ಹತ್ತು," ಎಂದೆ.

"ನನ್ನ ಕಾಲಾಗ ಏನೈತಿ ಈಗ? ನೀನ ಹತ್ತು ಲೇ, ಪೂಜಿ ಅರ್ಧಕ್ಕ ಬಿಡಬಾರ್ದು."

ಹತ್ತಿದರೆ, ಅವಳು ಇನ್ನು ಹತ್ತುವುದಿಲ್ಲವೆಂದು ನಾನೇ ಒಪ್ಪಿದ ಹಾಗೆ. ಆದರೂ ಹತ್ತಿದೆ. ಕಾಲು ಪೆಡಲಿಗೆ ಸರಿಯಾಗಿ ಎಟುಕಿತು. ಗಾಲಿಯ ಕೆಳಗೆ ನಿಂಬೆಹಣ್ಣು ಒಡೆದಾಗ ಅಕ್ಕ ಜೋರಾಗಿ ಚಪ್ಪಾಳೆ ತಟ್ಟಿದಳು. ನಾನು ತಿರುಗಿ ನೋಡದೆ ಓಣಿಯ ಕೊನೆಯವರೆಗೂ ತುಳಿದೆ.