ದೋಣಿ ಬಡಿಯದ ಸಂಜೆ

ಹುಲಿ ನೋಡಲು ಜೀಪು ಹತ್ತಿ ಉಸಿರು ಬಿಗಿಹಿಡಿದು ಕೂರುವ ಜನರನ್ನು ಕಂಡರೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ನಾನು ಹುಟ್ಟಿದ್ದು ಪೆರಿಕಲ್ಲೂರಿನಲ್ಲಿ. ಕಬಿನಿಯ ಈಚೆ ದಡ ನಮ್ಮದು, ಆಚೆ ದಡ ಕರ್ನಾಟಕದ್ದು. ಬೇಸಿಗೆಯಲ್ಲಿ ಕಾಡಿನೊಳಗಿನ ಹಳ್ಳಗಳು ಬತ್ತಿದರೆ ಹುಲಿ ಚಿರತೆಗಳೆಲ್ಲ ನೀರಿಗೆ ಹೊಳೆಗೇ ಇಳಿಯಬೇಕು. ಕಡವಿನಲ್ಲಿ ಜನರನ್ನು ದಾಟಿಸುವ ದೋಣಿ ನನ್ನ ಅಣ್ಣನದು. ನಾನು ಮಾತ್ರ ಕಲ್ಪೆಟ್ಟದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು, ಹಬ್ಬಕ್ಕೋ ಹುಣ್ಣಿಮೆಗೋ ಊರಿಗೆ ಬರುವವನು.

ನಮ್ಮ ಕಡವಿನಲ್ಲಿ ಒಂದು ಕಟ್ಟಳೆಯಿತ್ತು. ದೋಣಿಯಲ್ಲಿರುವವನ ಕಣ್ಣಿಗೆ ಹುಲಿ ಬಿದ್ದರೆ ಹುಟ್ಟಿನ ಹಿಡಿಯಿಂದ ದೋಣಿಯ ಅಂಚಿಗೆ ಬಡಿಯಬೇಕು. ಬಟ್ಟೆ ಒಗೆಯುವವರು, ಹುಲ್ಲು ಕೊಯ್ಯುವವರು, ದನ ಕಾಯುವವರು ಅದನ್ನು ಕೇಳಿ ಕೂಗು ಹಾಕುತ್ತಾ ಒಬ್ಬರಿಂದೊಬ್ಬರಿಗೆ ಸುದ್ದಿ ದಾಟಿಸುತ್ತಾರೆ. ಎರಡು ನಿಮಿಷದಲ್ಲಿ ದಡ ಖಾಲಿ. ಗಲಾಟೆಗೆ ಹುಲಿಯೂ ಒಳಕ್ಕೆ ಸರಿದುಬಿಡುತ್ತದೆ. ಹೀಗಾಗಿ ಎಷ್ಟೋ ಹುಲಿ ಕಂಡಿದ್ದರೂ ನಾನು ಒಂದನ್ನೂ ಕಣ್ತುಂಬ ನೋಡಿರಲಿಲ್ಲ.

ಆ ಮಾರ್ಚಿನಲ್ಲಿ ಮೈಸೂರಿನಿಂದ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಸಂಸಾರ ಸಮೇತ ಬಂದಿದ್ದ. ಎರಡು ದಿನ ಸಫಾರಿ ಸುತ್ತಿ ಜಿಂಕೆ ಬಿಟ್ಟು ಬೇರೇನೂ ಕಾಣದೆ ಮುಖ ಊದಿಸಿಕೊಂಡಿದ್ದ. ‘ಹುಲಿ ತಾನೇ? ನಮ್ಮಣ್ಣನ ದೋಣಿ ಹತ್ತು’ ಎಂದು ನಾನು ಜಂಬ ಕೊಚ್ಚಿದೆ. ನನ್ನ ಬಾಯಿಗೆ ಆವತ್ತು ಬೀಗ ಹಾಕುವವರು ಯಾರೂ ಇರಲಿಲ್ಲ.

ಸಂಜೆ ನಾಲ್ಕರ ಹೊತ್ತು. ಮೇಲಿನ ಮಡುವಿನವರೆಗೆ ಹೋಗಿ ಮರಳುವಾಗ ಅಣ್ಣ ಹುಟ್ಟು ಹಾಕುವುದನ್ನು ನಿಲ್ಲಿಸಿದ. ‘ಬಂದವ್ಳೆ’ ಎಂದ ಮೆಲ್ಲಗೆ. ಆಚೆ ದಡದ ಮರಳಿನಲ್ಲಿ ಹೆಣ್ಣು ಹುಲಿ, ಅದರ ಹಿಂದೆ ಎರಡು ಮರಿ. ಅಣ್ಣ ಬಡಿಯಲೆಂದು ಹುಟ್ಟನ್ನು ತಿರುಗಿಸಿ ಹಿಡಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ.

‘ಅಣ್ಣಾ, ಬಡೀಬೇಡ. ಒಂದ್ನಿಮಿಷ ನೋಡ್ಲಿ.’

‘ದನ ಮನೆಗೆ ಬರೋ ಹೊತ್ತು ಕಣೋ’ ಎಂದ.

‘ದನ ಎಲ್ಲ ಆಗ್ಲೇ ದಾಟಿದಾವೆ. ನಾನೇ ನೋಡ್ದೆ.’

ನೆಂಟರ ಮುಂದೆ ತಮ್ಮನ ಮುಖ ಕೆಡಿಸಬಾರದು ಎಂದುಕೊಂಡನೋ ಏನೋ, ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡ. ನಾವು ನೋಡಿದೆವು. ಅದು ಮುಂಗಾಲು ಮಡಿಸಿ ಲಪಲಪ ನೀರು ಕುಡಿಯಿತು. ಒಂದು ಮರಿ ತಾಯಿಯ ಬಾಲ ಕಚ್ಚಿ ಒದೆ ತಿಂದಿತು. ಷಡ್ಡಕ ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿದ್ದ. ನನಗೂ ಮೈ ಜುಮ್ಮೆಂದಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅದು ಮರಿಗಳನ್ನು ಕರೆದುಕೊಂಡು ಹೊಳೆಯ ತಿರುವಿನತ್ತ ನಡೆದು ಪೊದೆಯಲ್ಲಿ ಮರೆಯಾಯಿತು.

ತಿರುವಿನಾಚೆ ನೀರು ಮೊಣಕಾಲಿನಷ್ಟೇ. ಆಚೆ ದಡಕ್ಕೆ ಮೇಯಲು ಹೋದ ನಮ್ಮೂರ ದನಗಳು ಹಾಯುವುದು ಅಲ್ಲೇ. ಗಬ್ಬದ ಹಸು ಒಂದು ಮಾತ್ರ ಹಿಂದೆ ಬಿದ್ದಿತ್ತಂತೆ. ಅದನ್ನು ಹೊಡೆದುಕೊಂಡು ಬರಲು ಅತ್ತಿಗೆ ಆಗಷ್ಟೇ ಹೊಳೆ ದಾಟಿ ಹೋಗಿದ್ದರು. ಮನೆಯಲ್ಲಿ ನಮಗೆಲ್ಲ ಕಾಫಿಗೆ ಹಾಲು ಬೇಕಲ್ಲ ಎಂದು ಮಿಕ್ಕ ಹಸುಗಳ ಹಾಲು ಮೊದಲು ಕರೆದಿಟ್ಟು, ಅದರಿಂದಲೇ ತಡವಾಗಿ ಹೋಗಿದ್ದರು.

ಕೂಗು ಕೇಳಿ ನಾವು ದೋಣಿ ತಿರುಗಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅತ್ತಿಗೆ ಮರಿಗಳ ದಾರಿಗೆ ಅಡ್ಡ ಸಿಕ್ಕಿಬಿಟ್ಟಿದ್ದರು. ಹುಲಿ ಅವರನ್ನು ಎಳೆದುಕೊಂಡೂ ಹೋಗಿರಲಿಲ್ಲ. ಒಂದೇ ಏಟು. ಅಣ್ಣ ಅವರನ್ನು ಎತ್ತಿ ದೋಣಿಗೆ ಹಾಕಿದ. ಈಚೆ ದಡ ಮುಟ್ಟುವವರೆಗೆ ತಾನೇ ಹುಟ್ಟು ಹಾಕಿದ, ನನ್ನ ಕೈಗೆ ಕೊಡಲಿಲ್ಲ.

ಅಂಗಳದಲ್ಲಿ ಊರೇ ಸೇರಿತ್ತು. ನೆರೆಮನೆಯ ಅಜ್ಜ ಕೇಳಿಯೇಬಿಟ್ಟರು: ‘ಕಂಡ್ಯಂತಲ್ಲ, ಬಡೀಲಿಲ್ವಾ?’

‘ಇಲ್ಲ. ನಾನೇ ತಡ ಮಾಡ್ದೆ’ ಎಂದ ಅಣ್ಣ.

ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಷಡ್ಡಕ ನೆಲ ನೋಡಿದ. ಅವನ ವಿಡಿಯೊದಲ್ಲಿ ನನ್ನ ದನಿಯಿತ್ತು. ಅದನ್ನು ಅಳಿಸಿಹಾಕು ಎಂದು ಅದೇ ದಿನ ಮನೆ ಹಿಂದೆ ಕರೆದು ಹೇಳಿದವನೂ ನಾನೇ.

ಅಣ್ಣನ ಒಬ್ಬಳೇ ಮಗಳನ್ನು ತಿರುನೆಲ್ಲಿ ಕಡೆಗೆ ಕೊಟ್ಟಿತ್ತು. ‘ನೆಂಟ್ರಿಗೆ ಹುಲಿ ತೋರ್ಸೋಕೆ ನನ್ನಮ್ಮನ್ನ ಬಲಿ ಕೊಟ್ಟೆ’ ಎಂದು ಅಪ್ಪನ ಮುಖದ ಮೇಲೆ ಹೇಳಿ ಹೋದವಳು ಮತ್ತೆ ಬರಲಿಲ್ಲ. ನಾನು ಹೇಳಿಬಿಡುತ್ತೇನೆ ಎಂದು ಅಣ್ಣನ ಹತ್ತಿರ ಅತ್ತದ್ದುಂಟು. ‘ಸಾರಮಿಲ್ಲ, ಪರವಾಗಿಲ್ಲ ಬಿಡೋ. ಬೈಸ್ಕೊಳ್ಳೋಕೆ ನಾನೊಬ್ಬ ಸಾಕು. ನೀನ್ಯಾಕೆ?’ ಎಂದ. ಬೇಡ ಎಂದದ್ದು ಅವನು, ಒಳಗೊಳಗೇ ಹಗುರಾದವನು ನಾನು. ಅವನ ಆ ಒಂದು ಮಾತಿನ ಹಿಂದೆ ಒಂದೂವರೆ ವರ್ಷ ಅವಿತುಕೊಂಡೆ.

ದೋಣಿ ಹತ್ತುವವರು ಅವನೊಡನೆ ಮಾತಾಡುವುದನ್ನು ಬಿಟ್ಟರು. ಹಬ್ಬ ಬಂದರೆ ಅವನು ಎರಡು ಎಲೆ ಹಾಕಿ ಮಗಳ ದಾರಿ ಕಾಯುತ್ತಿದ್ದ ಎಂದು ನೆರೆಮನೆಯವರು ಹೇಳುತ್ತಿದ್ದರು. ಎರಡನೆಯ ಮಳೆಗಾಲದಲ್ಲಿ ಜ್ವರ ಎಂದು ಮಲಗಿದವನು ಏಳಲಿಲ್ಲ. ಮಗಳು ಬಂದಳು. ಅಂಗಳದಲ್ಲಿ ಕೂತಿದ್ದು, ಒಳಗೆ ಕಾಲಿಡದೆ ಹೋದಳು.

ತಿಥಿ ಮುಗಿದ ಮಾರನೆಯ ದಿನ ಮಾನಂದವಾಡಿಯಿಂದ ಬಸ್ಸು ಹಿಡಿದು ತಿರುನೆಲ್ಲಿಗೆ ಹೋದೆ. ಅವಳು ಕಟ್ಟನ್ ಚಾಯ ಮಾಡಿಕೊಟ್ಟಳು. ಹಾಲಿಲ್ಲದ ಆ ಚಾಯ ಕೈಯಲ್ಲೇ ಆರುತ್ತಿತ್ತು. ಎಲ್ಲ ಹೇಳಿದೆ. ಮಣಿಕಟ್ಟು ಹಿಡಿದದ್ದು, ದನ ದಾಟಿದಾವೆ ಎಂದದ್ದು, ವಿಡಿಯೊ ಅಳಿಸಿದ್ದು, ಯಾವುದನ್ನೂ ಬಿಡಲಿಲ್ಲ. ಹೊಡೆಯಲಿ, ಉಗಿಯಲಿ ಎಂದು ಕಾದು ಕೂತೆ.

ಅವಳು ನನ್ನ ಕೈಯಿಂದ ಆರಿದ ಲೋಟ ತೆಗೆದುಕೊಂಡಳು. ಬೈಯಲಿಲ್ಲ.

‘ಚಿಕ್ಕಪ್ಪಾ, ಹೋದ ತಿಂಗ್ಳು ಹೇಳಿದ್ರೂ ಸಾಕಿತ್ತು’ ಎಂದಳು. ‘ಅಪ್ಪನ್ನ ಒಂದ್ಸಲ ಮಾತಾಡಿಸ್ತಿದ್ದೆ.’