ಲೈನ್ ಚೆನ್ನಾಗಿತ್ತು

ಪಕ್ಕದ ಹಿಡಿಕೆ ತಿರುವಿ ಕಪ್ಪು ರಿಸೀವರ್ ಎತ್ತಿದರೆ ಆ ಕಡೆಯಿಂದ ಒಬ್ಬ ಹೆಂಗಸು "ನಂಬರ್ ಪ್ಲೀಸ್" ಅನ್ನುತ್ತಿದ್ದ ಕಾಲವನ್ನು ಕಂಡವರು ನಮ್ಮಲ್ಲಿ ಇನ್ನೆಷ್ಟು ಜನ ಉಳಿದಿದ್ದಾರೋ. ಮುಳಬಾಗಿಲಿನಲ್ಲಿ ಆ ದನಿ ನನ್ನ ಶಾರದಾ ಚಿಕ್ಕಮ್ಮನದಾಗಿತ್ತು. ಊರಿನಲ್ಲಿ ಅವಳ ಮುಖ ನೋಡಿದವರು ಕಡಿಮೆ, ಫೋನಿದ್ದವರಿಗೆಲ್ಲ ಅವಳು ಗೊತ್ತು. ನಂಬರನ್ನು ಯಾರು ಹೇಳುತ್ತಿದ್ದರು? "ಅಮ್ಮಾ, ಡಾಕ್ಟರ ಮನೆ ಕೊಡಮ್ಮ" ಅಂದರೆ ಸಾಕು, ಕೊಡುತ್ತಿದ್ದಳು. ಡಾಕ್ಟರು ಮನೆಯಲ್ಲಿಲ್ಲದಿದ್ದರೆ ಎಲ್ಲಿದ್ದಾರೆ ಅನ್ನುವುದೂ ಅವಳಿಗೇ ಗೊತ್ತಿರುತ್ತಿತ್ತು.

ನಾನಾಗ ಕೋಲಾರದ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ಅಪ್ಪ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಅಕೌಂಟೆಂಟ್. ಬೇಸಿಗೆ ರಜ ಬಂತೆಂದರೆ ನನ್ನನ್ನು ಮುಳಬಾಗಿಲಿನ ತಾತನ ಮನೆಗೆ ಬಸ್ಸು ಹತ್ತಿಸುತ್ತಿದ್ದರು. ಕಾನ್ವೆಂಟಿನಲ್ಲಿ ಏಳುವುದಕ್ಕೊಂದು ಬೆಲ್, ತಿನ್ನುವುದಕ್ಕೊಂದು ಬೆಲ್, ಸೈಲೆನ್ಸಿಗೂ ಒಂದು ಬೆಲ್. ತಾತನ ಮನೆಯಲ್ಲಿ ಯಾವ ಬೆಲ್ಲೂ ಇರಲಿಲ್ಲ. ಅದಕ್ಕೇ ಏನೋ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾದ ಬಂಡೆಗಳ ಮೇಲಿಂದ ಬೀಸುವ ಬಿಸಿಗಾಳಿಗೆ ಬಾಗಿಲು ತಾನಾಗಿ ಬಡಿದುಕೊಳ್ಳುತ್ತಿತ್ತು. ನಾನು ಒಳಗೆ ಹೊರಗೆ, ಒಳಗೆ ಹೊರಗೆ. "ಲೇ ಪದ್ದಿ, ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ?" ಎಂದು ಅಜ್ಜಿ ಬಯ್ಯುತ್ತಿದ್ದರು.

ನನ್ನ ಆಟವೂ ಟೆಲಿಫೋನಿನದೇ. ಅಜ್ಜಿಯ ಅಳಿಗುಳಿ ಮಣೆಯ ಗುಳಿಗಳಿಗೆ ಗೋಣಿದಾರದ ತುದಿಗಳನ್ನಿಟ್ಟು, ಜಾರದಂತೆ ಹುಣಸೆಬೀಜ ಹೇರಿ, "ಹಲೋ ತಾಯಲೂರು? ಹಲೋ ಕೋಲಾರ?" ಎನ್ನುತ್ತಿದ್ದೆ. ಎಕ್ಸ್‌ಚೇಂಜಿನ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಕಿಟಕಿಯ ಸಂದಿಯಿಂದ ಚಿಕ್ಕಮ್ಮನನ್ನು ಇಣುಕಿ ನೋಡಿದ್ದೆ. ತಲೆಗೆ ಹೆಡ್‌ಸೆಟ್, ಎದುರಿಗೆ ತೂತುಗಳ ಬೋರ್ಡು, ಎರಡೂ ಕೈಯಲ್ಲಿ ವೈರು. ಮನೆಯಲ್ಲಿ ಹೂ ಕಟ್ಟಲು ಕೂತರೆ ನಿದ್ದೆ ತೂಗುವ ಚಿಕ್ಕಮ್ಮ ಅಲ್ಲಿ ಬೇರೆಯೇ ಆಗಿದ್ದಳು. ಕಾನ್ವೆಂಟಿನಲ್ಲಿ ನಮಗೆ ಪಿಯಾನೋ ಕಲಿಸುವ ಸಿಸ್ಟರ್ ಕೂಡ ಅಷ್ಟು ನೆಟ್ಟಗೆ ಕೂರುತ್ತಿರಲಿಲ್ಲ.

ಆ ಬೇಸಿಗೆ ಮನೆ ತುಂಬ ಮಾವಿನಹಣ್ಣಿನ ವಾಸನೆ. ಚಿಕ್ಕಮ್ಮನನ್ನು ನೋಡಲು ಶ್ರೀನಿವಾಸಪುರದಿಂದ ಬಂದಿದ್ದ ಗಂಡಿನವರು ತಮ್ಮ ತೋಟದ್ದೇ ಎಂದು ಒಂದು ಬುಟ್ಟಿ ಬಾದಾಮಿ ಕೊಟ್ಟು ಹೋಗಿದ್ದರು. ಅಜ್ಜಿ ಅದನ್ನು ಉಗ್ರಾಣದಲ್ಲಿ ಹುಲ್ಲಿನ ಮೇಲೆ ಹರಡಿ, ಉತ್ತರ ಬರುವ ತನಕ ಯಾರೂ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಹುಡುಗ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ನೋಡಲು ಬಂದ ದಿನ ಎಲ್ಲರೂ ಹಾಡು, ಅಡುಗೆ ಎಂದು ಕೇಳಿದರೆ ಆತ ಮಾತ್ರ, "ಒಂದೇ ಸಲಕ್ಕೆ ಅಷ್ಟೊಂದು ಕಾಲ್ ಬಂದ್ರೆ ಹ್ಯಾಗ್ರೀ ನೋಡ್ಕೋತೀರಿ?" ಎಂದು ಕೇಳಿದ್ದರು. ಚಿಕ್ಕಮ್ಮ ತಲೆಯೆತ್ತಿ ನಕ್ಕಿದ್ದಳು. ಅವತ್ತಿನಿಂದ ಅವಳ ಬೆರಳುಗಳಿಗೆ ನೆಮ್ಮದಿಯಿರಲಿಲ್ಲ. ಕಾಫಿ ಲೋಟದ ಅಂಚು, ಸೆರಗಿನ ತುದಿ, ನನ್ನ ಜಡೆ, ಏನು ಸಿಕ್ಕರೂ ಬಿಚ್ಚಿ ಸಿಕ್ಕಿಸಿ ಮಾಡುತ್ತಲೇ ಇರುತ್ತಿದ್ದಳು.

ಉತ್ತರ ಕೇಳಲು ಇಂಥ ದಿನ ಬೆಳಗ್ಗೆ ಫೋನ್ ಮಾಡಿ ಎಂದು ಹುಡುಗನ ತಂದೆ ಹೇಳಿದ್ದರು. ಆ ಬೆಳಗ್ಗೆ ಬೋರ್ಡಿನಲ್ಲಿ ಇನ್ನೊಬ್ಬ ಆಪರೇಟರ್ ಇರಬೇಕಿತ್ತು. ಮಗಳ ಕಿವಿಗೆ ಬೀಳದಿರಲಿ ಎಂದು ತಾತ ಅದನ್ನು ಮೊದಲೇ ವಿಚಾರಿಸಿಕೊಂಡಿದ್ದರು. ಆದರೆ ಆಕೆಯ ಮಗುವಿಗೆ ಜ್ವರ ಬಂದು, ತಿಂಡಿಯ ಹೊತ್ತಿಗೆ ಪ್ಯೂನ್ ಬಂದು ಚಿಕ್ಕಮ್ಮನನ್ನು ಡ್ಯೂಟಿಗೆ ಕರೆದುಕೊಂಡು ಹೋಗಿದ್ದ. ಸ್ನಾನಕ್ಕೆ ಹೋಗಿದ್ದ ತಾತನಿಗೆ ಅದು ತಿಳಿಯಲೇ ಇಲ್ಲ. ನನ್ನ ಕೈ ಹಿಡಿದುಕೊಂಡು ಬೀದಿಕೊನೆಯ ಹುಣಸೆಹಣ್ಣಿನ ಮಂಡಿಗೆ ನಡೆದರು. ನಮ್ಮ ಬೀದಿಗೆ ಇದ್ದದ್ದು ಅದೊಂದೇ ಫೋನು.

ಮಂಡಿ ವೆಂಕಟರಮಣಪ್ಪ ಗೋಣಿ ಕೊಡವಿ ಜಾಗ ಮಾಡಿ, ತಮ್ಮ ಅರೆ ತೆಲುಗಿನಲ್ಲಿ ಬನ್ನಿ ಎಂದು ಕರೆದರು. "ರಂಡಿ ಅಯ್ಯವಾರು, ಕೂತ್ಕೊಳ್ಳಿ. ಶುಭ ಸಮಾಚಾರಾನಾ?"

ತಾತ ಹಿಡಿಕೆ ತಿರುವಿ ರಿಸೀವರ್ ಎತ್ತಿದರು.

"ನಂಬರ್ ಪ್ಲೀಸ್."

ತಾತನಿಗೆ ದನಿ ಗೊತ್ತಾಯಿತು. ಒಂದು ಗಳಿಗೆ ರಿಸೀವರನ್ನೇ ನೋಡಿದರು. ಆಮೇಲೆ ಹೊಸಬರೊಡನೆ ಮಾತಾಡುವ ಹಾಗೆ, "ಶ್ರೀನಿವಾಸಪುರಕ್ಕೆ ಒಂದು ಟ್ರಂಕ್ ಕಾಲ್ ಬೇಕಾಗಿತ್ತು ರೀ" ಎಂದರು. ತಮ್ಮ ಮಗಳಿಗೆ!

"ರಿಸೀವರ್ ಇಡಿ ಸರ್. ಲೈನ್ ಸಿಕ್ಕಿದ ಮೇಲೆ ಕರೀತೀವಿ."

ಕಾದೆವು. ನಾನು ಹುಣಸೆಹಣ್ಣಿಗೆ ಉಪ್ಪು ಹಚ್ಚಿ ಚೀಪಿದೆ, ಗೋಣಿಚೀಲ ಹತ್ತಿ ಇಳಿದೆ. ತಾತ ಎದ್ದರು, ಕೂತರು, ಬಾಗಿಲಿಗೆ ಹೋಗಿ ಬಂದರು. "ಇದೇನು ಹೆರಿಗೆ ಆಸ್ಪತ್ರೆಯಾ ಅಯ್ಯವಾರು, ಹಿಂಗೆ ತಿರುಗಾಡ್ತಾ ಇದೀರಿ?" ಎಂದು ವೆಂಕಟರಮಣಪ್ಪ ನಕ್ಕರು.

ಗಂಟೆ ಬಾರಿಸಿತು. ಹುಡುಗನ ತಂದೆಯ ದನಿ ಎಂಥದೆಂದರೆ, ರಿಸೀವರ್ ತಾತನ ಕಿವಿಯಲ್ಲಿದ್ದರೂ ನನಗೂ ಕೇಳಿಸುತ್ತಿತ್ತು.

"ಹುಡುಗಿ ಲಕ್ಷಣವಾಗಿದಾಳೆ ಸ್ವಾಮಿ. ನಮ್ಮ ಹುಡುಗನಿಗೂ ಒಪ್ಪಿಗೆ. ಒಂದೇ ಮಾತು, ಆ ಕೆಲಸ ಬಿಡಿಸ್ಬಿಡಿ. ಕಂಡೋರ ಮನೆ ಗಂಡಸರ ದನಿಯೆಲ್ಲ ಕಿವೀಲಿ ಹಾಕ್ಕೊಂಡು ಕೂರೋ ಕೆಲಸ, ಮರ್ಯಾದಸ್ಥರಿಗೆ ಯಾಕೆ ಹೇಳಿ?"

ತಾತ ಹೂಂ ಎಂದರು. ಇನ್ನೊಮ್ಮೆ ಹೂಂ ಎಂದರು. ಆ ಕಡೆಯವರು ಛತ್ರದ ವಿಷಯಕ್ಕೂ ಹೋದರು. ಕೊನೆಗೆ ತಾತ, "ಹೇಳ್ತೀನಿ ಅವಳಿಗೆ. ಒಪ್ಕೋತಾಳೆ" ಎಂದರು.

ಆಗಲೇ ನಡುವೆ ಆ ದನಿ ಬಂತು. "ಮೂರು ನಿಮಿಷ ಆಯಿತು. ಎಕ್ಸ್‌ಟೆಂಡ್ ಮಾಡ್ಲಾ ಸರ್?" ಏರಿಳಿತವಿಲ್ಲ, ಇಸ್ತ್ರಿ ಮಾಡಿದ ಹಾಗಿತ್ತು.

"ಬೇಡ" ಎಂದರು ತಾತ.

ದಾರಿಯುದ್ದಕ್ಕೂ ಅವರು ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದರು. ಮನೆ ಹತ್ತಿರ ಬಂದಾಗ, "ನೀನೇನೂ ಹೇಳಕೂಡದು, ಕೇಳಿಸ್ತೇನೇ?" ಎಂದರು.

ಚಿಕ್ಕಮ್ಮ ಬಂದಾಗ ಬಿಸಿಲು ಇಳಿಯುತ್ತಿತ್ತು. ಕೈಕಾಲು ತೊಳೆದು, ಕಾಫಿ ಹಿಡಿದು ಹಜಾರದ ಕಂಬಕ್ಕೆ ಒರಗಿದಳು. ಬೆಳಗಿನಿಂದ ನಾಲ್ಕು ಸಲ ಕೇಳಿ ಉತ್ತರ ಸಿಗದಿದ್ದ ಅಜ್ಜಿ, "ಈಗಾದ್ರೂ ಬಾಯಿ ಬಿಡ್ತೀರಾ? ಏನಂದ್ರು ಅವರು?" ಎಂದರು.

ತಾತ ಪಂಚೆಯ ಅಂಚು ಸರಿಮಾಡಿಕೊಂಡರು. "ಲೈನೇ ಸರಿಯಿರಲಿಲ್ಲ ಕಣೇ. ಬರೀ ಗೊರ್ ಅಂತಿತ್ತು. ಒಂದಕ್ಷರ ಕೇಳಿಸ್ಲಿಲ್ಲ."

"ಇವಳ ಆಫೀಸಿನ ಯೋಗ್ಯತೇನೇ ಅಷ್ಟು ಬಿಡಿ. ದಿನವೆಲ್ಲ ಕಿವಿಗೆ ಅದನ್ನ ಸಿಕ್ಕಿಸ್ಕೊಂಡು ಏನ್ ಮಾಡ್ತಾಳೋ!"

ಚಿಕ್ಕಮ್ಮನ ಬೆರಳು ಲೋಟದ ಅಂಚಿನಲ್ಲಿ ನಿಂತಿತು.

"ಲೈನ್ ಚೆನ್ನಾಗಿತ್ತು" ಎಂದಳು.

ಬೋರ್ಡಿನಲ್ಲಿ ಕಿವಿಗೆ ಬಿದ್ದ ಮಾತನ್ನು ಹೊರಗೆ ಆಡುವ ಹಾಗಿಲ್ಲ ಎಂಬ ರೂಲ್ ನನಗೂ ಗೊತ್ತಿತ್ತು, ಅಷ್ಟು ಸಲ ಹೇಳಿದ್ದಳು. ಪಕ್ಕದ ಮನೆಯವರು ಮಂಡಿಯಿಂದ ಮಾಡಿದ ಫೋನಿನ ಬಗ್ಗೆ ಅಜ್ಜಿ ಎಷ್ಟು ಕೆದಕಿದರೂ ಬಾಯಿ ಬಿಟ್ಟವಳಲ್ಲ.

"ಮಾತು ನನ್ನ ಕೆಲಸ ಅಲ್ಲ ಅಪ್ಪ, ಅದನ್ನ ನಾನು ಕೇಳಿಸ್ಕೊಂಡಿಲ್ಲ. ಲೈನು ನನ್ನ ಕೆಲಸ. ಕೋಲಾರದ ಆಪರೇಟರಿಗೆ ಎಷ್ಟು ಸಲ ಹೇಳಿ ಕ್ಲಿಯರ್ ಮಾಡಿಸಿ ಕೊಟ್ಟಿದ್ದೆ." ಅವಳು ಲೋಟ ಕೆಳಗಿಟ್ಟಳು. "ಅವರು ಏನಂದ್ರು ಅಂತ ನೀವೇ ನನಗೆ ಹೇಳ್ಬೇಕು. ಹೇಳಿ, ಆಮೇಲೆ ನಾನು ಉತ್ತರ ಕೊಡ್ತೀನಿ."

ತಾತ ಹೇಳಿದರು. ಆ ದೊಡ್ಡ ಗಂಟಲಿನಲ್ಲಿ ಸಲೀಸಾಗಿ ಬಂದಿದ್ದ ಮಾತು ತಾತನ ಬಾಯಲ್ಲಿ ಒಂದೊಂದೇ ಬಂತು. ಕಂಡೋರ ಮನೆ ಗಂಡಸರು ಎಂಬಲ್ಲಿ ನಿಂತು, ನುಂಗಿ, ಮತ್ತೆ ಹೇಳಿದರು.

"ಹುಡುಗ ಏನಂದ್ರಂತೆ?" ಎಂದಳು ಚಿಕ್ಕಮ್ಮ.

"ಅವನ ಮಾತು ಬರಲಿಲ್ಲಮ್ಮ."

ಚಿಕ್ಕಮ್ಮ ಉಗ್ರಾಣದ ಬಾಗಿಲ ಕಡೆ ನೋಡಿದಳು. ಹಣ್ಣಿನ ವಾಸನೆ ತಲೆ ತಿರುಗುವ ಹಾಗೆ ಬರುತ್ತಿತ್ತು. "ನಾನು ಕೆಲಸ ಬಿಡಲ್ಲ" ಎಂದಳು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಚಿಕ್ಕಮ್ಮ ಉಗ್ರಾಣಕ್ಕೆ ಹೋಗಿ ಒಂದು ಹಣ್ಣು ತಂದು, ತೊಳೆದು, ಕುಯ್ದು, ದೊಡ್ಡ ಹೋಳನ್ನು ನನಗೆ ಕೊಟ್ಟಳು. ತಾನು ಓಟೆ ಚೀಪಿದಳು. ಅದು ತೀರಾ ಬಿಳಿಯಾದ ಮೇಲೂ ಚೀಪುತ್ತಲೇ ಇದ್ದಳು.

ಮಾರನೆಯ ಬೆಳಗ್ಗೆ ಮತ್ತೆ ಮಂಡಿ. ಆ ಇನ್ನೊಬ್ಬ ಆಪರೇಟರಿನ ಮಗುವಿಗೆ ಜ್ವರ ಬಿಟ್ಟಿರಲಿಲ್ಲ. ಅದೇ "ನಂಬರ್ ಪ್ಲೀಸ್".

"ಶಾರದಾ, ಶ್ರೀನಿವಾಸಪುರ ಕೊಡಮ್ಮ" ಎಂದರು ತಾತ.

"ರಿಸೀವರ್ ಇಡಿ ಸರ್."

ಈ ಸಲದ ಮಾತು ಮೂರು ನಿಮಿಷದ ತನಕ ಹೋಗಲೇ ಇಲ್ಲ. "ಬಿಡಿಸೋದಿಲ್ಲ ಸ್ವಾಮಿ. ನಿನ್ನೆ ನಾನು ಅವಳನ್ನ ಕೇಳದೆ ಮಾತು ಕೊಟ್ಟೆ, ಕ್ಷಮಿಸಿ" ಎಂದರು. ಆ ಕಡೆ ಏನೋ ಜೋರಾಯಿತು, ಕಟ್ ಆಯಿತು. ತಾತ ರಿಸೀವರ್ ಇಡಲಿಲ್ಲ. ಯಾರೂ ಇಲ್ಲದ ಹಾಗಿದ್ದ ಆ ಮೌನಕ್ಕೆ, "ಲೈನ್ ಚೆನ್ನಾಗಿತ್ತಮ್ಮ" ಎಂದರು.

"ಥ್ಯಾಂಕ್ ಯೂ ಸರ್" ಎಂದಿತು ದನಿ. ಮೂಗು ಕಟ್ಟಿತ್ತು.

ಚಿಕ್ಕಮ್ಮ ಮದುವೆಯಾಗಲಿಲ್ಲ. ಕೋಲಾರದಲ್ಲಿ ಸೂಪರ್‌ವೈಸರ್ ಆದಳು. ಕ್ಯಾಲನೂರು, ತಾಯಲೂರಿನ ಕಡೆಯಿಂದ ಟಿಫಿನ್ ಕ್ಯಾರಿಯರ್ ಹಿಡಿದು ಬರುತ್ತಿದ್ದ ಹುಡುಗಿಯರಿಗೆ ಬೋರ್ಡು ಕಲಿಸಿದಳು. ತಡವಾಗಿ ಬಂದವರಿಗೆ ಬಯ್ದಳು, ಹೆರಿಗೆ ರಜಕ್ಕಾಗಿ ಮೇಲಿನವರ ಜೊತೆ ಜಗಳ ಆಡಿದಳು. ಆಮೇಲೆ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ಬಂತು. ಬೋರ್ಡನ್ನು ಬಿಚ್ಚಿ ಲಾರಿಗೆ ಹಾಕುವಾಗ ಅವಳು ನೋಡಲು ನಿಲ್ಲಲಿಲ್ಲವಂತೆ, ಅಟೆಂಡೆನ್ಸಿಗೆ ಸಹಿ ಹಾಕಲು ಹೋದಳಂತೆ. ಯಾವುದಕ್ಕಾಗಿ ಅಷ್ಟು ಬಿಟ್ಟಳೋ ಆ ಕೆಲಸವೇ ಅವಳ ಕಣ್ಣೆದುರು ಇಲ್ಲವಾಯಿತು. ಪಶ್ಚಾತ್ತಾಪ ಇದೆಯಾ ಎಂದು ಒಮ್ಮೆ ಕೇಳಿದ್ದೆ. "ಹೋಗೇ, ಸೆಂಟಿಮೆಂಟಲ್ ಕಾನ್ವೆಂಟು" ಎಂದು ನಕ್ಕಿದ್ದಳು. ಬೆರಳು ಮಾತ್ರ ಸೆರಗಿನ ತುದಿಯಲ್ಲಿ ಆಡುತ್ತಲೇ ಇತ್ತು. ಅವಳೂ ಈಗಿಲ್ಲ.

ಇದೆಲ್ಲ ಇವತ್ತು ಯಾಕೆ ನೆನಪಾಯಿತು ಹೇಳುತ್ತೇನೆ. ನನ್ನ ಮೊಮ್ಮಗಳು ಮೇಘನಾ ಲಕ್ಕೂರಿನ ಹತ್ತಿರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಇನ್‌ಚಾರ್ಜ್. ಒಂದು ಇಡೀ ಅಸೆಂಬ್ಲಿ ಲೈನಿನ ಗಂಡಸರು ಅವಳ ಮಾತು ಕೇಳುತ್ತಾರೆ. ಬೆಳಗ್ಗೆ ಅವಳನ್ನು ನೋಡಿಹೋದವರ ಫೋನ್ ಬಂತು. ಮಗ ಸ್ಪೀಕರ್ ಹಾಕಿಕೊಂಡೇ ಮಾತಾಡಿದ, ನಾನು ಪಕ್ಕದಲ್ಲೇ ಇದ್ದೆ. ಅವಳು ಕೆಲಸ ಮಾಡುವುದಕ್ಕೆ ಅವರ ಅಡ್ಡಿಯೇನೂ ಇಲ್ಲವಂತೆ. ಆದರೆ ಈ ಶಿಫ್ಟು, ಗಂಡಸರ ಮೇಲೆ ಅಧಿಕಾರ, ಇದೆಲ್ಲ ಮದುವೆಗೆ ಮುಂಚೆ ಬಿಟ್ಟು ಬೇರೆ ಏನಾದರೂ ನೋಡಿಕೊಳ್ಳಲಿ ಎಂದರು. ಮಗ, "ಹೇಳ್ತೀನಿ, ಒಪ್ಕೋತಾಳೆ" ಎಂದ. ಅದೇ ಮಾತು! ಸೊಸೆ ಅಡುಗೆಮನೆಯಿಂದ ಬಂದು ಏನಂದರೆಂದು ಕೇಳಿದರೆ, "ನೆಟ್‌ವರ್ಕೇ ಇರಲಿಲ್ಲ, ಏನೂ ಕೇಳಿಸ್ಲಿಲ್ಲ" ಎಂದ.

ನೆಟ್‌ವರ್ಕ್ ಇಲ್ಲ ಎಂದರೆ ಈಗ ನೋಯುವವರು ಯಾರಿದ್ದಾರೆ? ಎಲ್ಲರ ಕೈಯಲ್ಲೂ ಫೋನಿದೆ, ನಡುವೆ ಒಬ್ಬರೂ ಇಲ್ಲ. ಆ ಸುಳ್ಳನ್ನು ತನ್ನ ಕೆಲಸಕ್ಕಾದ ಅವಮಾನವೆಂದು ತಿಳಿದು ಕಂಬಕ್ಕೆ ಒರಗಿ ನಿಲ್ಲುವ ಹೆಂಗಸೊಬ್ಬಳು ಇಲ್ಲ.

ಮಧ್ಯಾಹ್ನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮೇಘನಾಳ ಫ್ಯಾಕ್ಟರಿ ಬಸ್ಸು ಬರುವ ಹೊತ್ತಾಯಿತು. ಗೇಟಿನ ತನಕ ಹೋಗಿ ಬಂದೆ, ಮತ್ತೆ ಹೋದೆ. "ಅಮ್ಮ, ಮಂಡಿನೋವು ಅಂತಿದ್ರಿ, ಇದೇನು ತಿರುಗಾಟ?" ಎಂದ ಮಗ.

"ಲೈನ್ ಚೆನ್ನಾಗಿತ್ತು ಕಣೋ" ಎಂದೆ. "ಅವಳು ಬರಲಿ. ನೀನು ಹೇಳ್ತೀಯೋ, ನಾನು ಹೇಳಲೋ?"